ಅಮ್ಮನಿಗೆ ದೊಡ್ಡಕ್ಷರ

ಸಂಪಿಗೆ ಊರಿನ ಗಂಡಿನ ಸಂಬಂಧ ಮುರಿದುಬಿತ್ತೆಂಬ ಸುದ್ದಿ ಶಾಂತಕುಮಾರಿಗೆ ಮುಟ್ಟಿದ್ದು ಒಂದು ಭಾನುವಾರ ಬೆಳಗ್ಗೆ, ಅವಳು ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದಾಗ. ಗಂಡನ ಭಾವ ಕೆಂಚಯ್ಯ ಟೆಂಪೊವನ್ನು ಬೀದಿಯ ನಡುವೆಯೇ ನಿಲ್ಲಿಸಿ, ಚಪ್ಪಲಿ ಬಿಡುವುದನ್ನೂ ಮರೆತು, ನಡುಮನೆ ದಾಟಿ ನೇರ ಹಿತ್ತಲಿಗೇ ಬಂದ. ಕೈಯಲ್ಲಿ ಫೋನಿತ್ತು.

“ಇದನ್ನೊಸಿ ಓದವ್ವ ಶಾಂತಮ್ಮ. ಇಂಗ್ಲಿಷ್ನಾಗೈತೆ. ಗಂಡಿನ ಅಪ್ಪ ಕಳ್ಸವ್ನೆ. ಇದು ಬಂದ್ಮೇಲೆ ನಮಗೆ ಈ ಸಂಬಂಧ ಬ್ಯಾಡ ಅಂದ, ಫೋನ್ ಮಡಗ್ದ.”

ಶಾಂತಕುಮಾರಿ ಹೊನ್ನವಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಬ್ಯಾಂಕಿನದೋ ಕೋರ್ಟಿನದೋ ಯಾವ ಇಂಗ್ಲಿಷ್ ಕಾಗದ ಬಂದರೂ ಬೀದಿಯವರು ಮೊದಲು ಬರುತ್ತಿದ್ದುದು ಅವಳ ಬಳಿಗೆ. ಗಂಡ ರಾಜಣ್ಣನದು ಬಸ್‌ಸ್ಟ್ಯಾಂಡಿನ ಪಕ್ಕ ಬೋರ್‌ವೆಲ್ ಮೋಟರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ. ಅವನ ಅಕ್ಕ ಗಂಗಲಕ್ಷ್ಮಿಯ ಗಂಡನೇ ಈ ಕೆಂಚಯ್ಯ. ತೋಟದ ಮನೆಗಳಿಂದ ಕೊಬ್ಬರಿ ಮೂಟೆ ಹೇರಿಕೊಂಡು ತಿಪಟೂರಿನ ಮಾರ್ಕೆಟ್ಟಿಗೆ ಟೆಂಪೊ ಹೊಡೆಯುವುದು ಅವನ ಕಸುಬು. ಅವರಿಗಿರುವವಳು ಒಬ್ಬಳೇ ಮಗಳು, ಗೌತಮಿ. ಶಾಂತಕುಮಾರಿಯ ಕ್ಲಾಸಿನಲ್ಲೇ ಓದಿ, ಡಿಗ್ರಿ ಮುಗಿಸಿ ಮನೆಯಲ್ಲಿದ್ದಳು. ಅವಳನ್ನು ಸಂಪಿಗೆಯ ಜ್ಞಾನೇಶ್ ಎಂಬ ಹುಡುಗ ನೋಡಿಕೊಂಡು ಹೋಗಿದ್ದ. ತುರುವೇಕೆರೆಯಲ್ಲಿ ಸೂಪರ್‌ವೈಸರ್ ಕೆಲಸ, ಸ್ವಂತ ಕಾರು, ಮಾತೆತ್ತಿದರೆ ಇಂಗ್ಲಿಷು. ಎಲೆ ಅಡಿಕೆ ಬದಲಾಯಿಸುವುದೊಂದೇ ಬಾಕಿ ಇತ್ತು.

ಶಾಂತಕುಮಾರಿ ಸೀರೆ ಸೆರಗಿಗೆ ಕೈ ಒರೆಸಿಕೊಂಡು ಫೋನು ಇಸಿದುಕೊಂಡಳು. ಯಾವುದೋ ಗುರುತಿಲ್ಲದ ನಂಬರಿನಿಂದ ಜ್ಞಾನೇಶನಿಗೆ ಹೋಗಿದ್ದ ವಾಟ್ಸ್ಯಾಪ್ ಮೆಸೇಜು ಅದು. ಅವಳು ಒಂದೊಂದೇ ವಾಕ್ಯ ಓದಿ ಕನ್ನಡದಲ್ಲಿ ಹೇಳುತ್ತ ಹೋದಳು. “ಹುಡುಗಿಗೆ ಮೂರ್ಛೆ ರೋಗ ಇದೆ. ಚಿಕ್ಕಂದಿನಿಂದ ಇದೆ. ತಿಪಟೂರಲ್ಲಿ ತೋರಿಸಿ ಮಾತ್ರೆ ಕೊಡಿಸ್ತಾರೆ. ಅವಳ ಅಪ್ಪ ನಿಮಗೆ ಗೊತ್ತಾಗಬಾರದು ಅಂತ ಮುಚ್ಚಿಟ್ಟಿದ್ದಾರೆ. ಊರಲ್ಲಿ ಕೆಲವರಿಗೆ ಗೊತ್ತು, ಆದ್ರೆ ಅವಳಮ್ಮ ಯಾರ ಹತ್ರನೂ ಬಾಯಿ ಬಿಟ್ಟಿಲ್ಲ. ಯೋಚನೆ ಮಾಡಿ ಮುಂದುವರಿಯಿರಿ. ನಿಮ್ಮ ಹಿತೈಷಿ.”

ಕೆಂಚಯ್ಯ ಬಾವಿ ಕಟ್ಟೆಯ ಮೇಲೆ ಕುಸಿದು ಕೂತ. “ನಮ್ಮುಡುಗಿಗೆ ಒಂದಿನ ತಲೆ ತಿರುಗಿದ್ದು ನಾ ಕಂಡಿಲ್ಲ ಕಣವ್ವ. ಮೂರ್ಛೆ ಅಂತೆ.”

“ಆ ನಂಬರಿಗೆ ಮಾಡಿದ್ರಾ ಅಣ್ಣ?”

“ಸ್ವಿಚ್ಚಾಫು. ಸ್ಟೇಷನ್ಗೆ ಹೋಗಾನ ಅಂದ ನಿನ್ ಗಂಡ. ಬ್ಯಾಡ ಬುಡು, ಸ್ಟೇಷನ್ಗೆ ಹೋದ್ರೆ ಹೆಣ್ಣುಡುಗಿ ಹೆಸರು ಇನ್ನಾ ನಾಕೂರ್ಗೆ ಹೋಯ್ತದೆ.” ಅವನು ತಲೆಯೆತ್ತಿ ಅವಳನ್ನು ನೋಡಿದ. “ಯಾವ ಹುಡುಗ ಯಾರ ಪೇಪರ್ ನೋಡ್ಕಂಡು ಬರೆದವ್ನೆ ಅಂತ ನೀನು ಬರವಣಿಗೆ ನೋಡೇ ಹಿಡಿತೀಯಂತಲ್ಲ. ಇದ ಯಾರು ಬರೆದವ್ರೆ ಹೇಳು. ಹೇಳ್ಬುಡು, ಸಾಕು.”

ಆ ಮಾತು ಶಾಂತಕುಮಾರಿಗೆ ಹಿಡಿಸಿತು. ಹಿಡಿಸಿತೆಂದು ತನಗೆ ತಾನೇ ಒಪ್ಪಿಕೊಳ್ಳಲಿಲ್ಲ, ಅಷ್ಟೆ. ಮೆಸೇಜನ್ನು ತನ್ನ ಫೋನಿಗೆ ಕಳಿಸಿಕೊಂಡು, ಒಗೆಯುವ ಬಟ್ಟೆಯನ್ನು ಹಾಗೇ ಬಿಟ್ಟು, ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಕೂತಳು.

ಓದುತ್ತ ಓದುತ್ತ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಅಕ್ಷರಗಳ ಗಾತ್ರ. ಕನ್ನಡದಲ್ಲಿ ಈ ತಾಪತ್ರಯವಿಲ್ಲ, ರಾಜನಿಗೂ ರಾಗಿಗೂ ಒಂದೇ ‘ರಾ’. ಇಂಗ್ಲಿಷಿನಲ್ಲಿ ಹಾಗಲ್ಲ. ವಾಕ್ಯ ಶುರುವಾಗುವಲ್ಲಿ ದೊಡ್ಡಕ್ಷರ, ಊರಿನ ಹೆಸರಿಗೆ ದೊಡ್ಡಕ್ಷರ, ವಾರಕ್ಕೆ, ತಿಂಗಳಿಗೆ, ‘ನಾನು’ ಎನ್ನುವ ಒಂಟಿ ‘ಐ’ಗೂ ದೊಡ್ಡಕ್ಷರ. ಇದನ್ನೇ ಅವಳು ವರ್ಷವರ್ಷವೂ ಎಂಟನೇ ಕ್ಲಾಸಿನಿಂದ ಹಿಡಿದು ಅರೆದು ಕುಡಿಸುತ್ತಿದ್ದಳು. ಈ ಮೆಸೇಜಿನಲ್ಲಾದರೋ ಎಲ್ಲವೂ ಸಣ್ಣಕ್ಷರ. ತಿಪಟೂರಿನ ‘ಟಿ’ ಸಣ್ಣದು. ವಾಕ್ಯ ಶುರುವಾಗುವ ಕಡೆಯೂ ಸಣ್ಣದು. ಈಗಿನ ಫೋನುಗಳು ವಾಕ್ಯದ ಮೊದಲಕ್ಷರವನ್ನು ತಾವೇ ದೊಡ್ಡದು ಮಾಡುತ್ತವೆ. ಅಂದರೆ ಬರೆದವರು ಬೇಕೆಂದೇ ಒಂದೊಂದನ್ನೂ ಸಣ್ಣದು ಮಾಡಿದ್ದಾರೆ, ಓದು ಬರದವರು ಬರೆದ ಹಾಗೆ ಕಾಣಲಿ ಎಂದು.

ಒಂದೇ ಒಂದು ಅಕ್ಷರ ಮಾತ್ರ ಅವರ ಕೈ ತಪ್ಪಿಸಿಕೊಂಡಿತ್ತು. ‘ಬಟ್ ಮದರ್’ ಎಂದು ಬರುವಲ್ಲಿ, ವಾಕ್ಯದ ನಡುಮಧ್ಯೆ, ಮದರ್‌ನ ‘ಎಂ’ ದೊಡ್ಡದಾಗಿ ನಿಂತಿತ್ತು.

ಅಮ್ಮ ಎಂಬ ಪದಕ್ಕೆ ದೊಡ್ಡಕ್ಷರ ಹಾಕುವ ಅಭ್ಯಾಸ ಇರುವವರು ಯಾರು? ಅಂದಿನಿಂದ ಶಾಂತಕುಮಾರಿಗೆ ಇದೇ ಕೆಲಸವಾಯಿತು. ಸ್ಟಾಫ್ ಗ್ರೂಪು, ಹಾಲಿನ ಡೇರಿ ಗ್ರೂಪು, ಹಳೇ ವಿದ್ಯಾರ್ಥಿಗಳ ಗ್ರೂಪು, ಎಲ್ಲವನ್ನೂ ಹಿಂದಕ್ಕೆ ಹಿಂದಕ್ಕೆ ಸರಿಸುತ್ತ ಓದಿದಳು. ಹೆಡ್‌ಮಾಸ್ಟರು ಗುಡ್‌ಮಾರ್ನಿಂಗನ್ನೂ ದೊಡ್ಡಕ್ಷರದಲ್ಲೇ ಕೂಗುತ್ತಾರೆ. ಗಣಿತದ ಮೇಷ್ಟ್ರು ದೇವರಿಗೂ ಸಣ್ಣಕ್ಷರ. ಯಾರು ಎಲ್ಲಿ ಎದುರಾದರೂ ಅವಳಿಗೆ ಅವರ ಮುಖದ ಬದಲು ಅವರ ಅಕ್ಷರ ಕಾಣತೊಡಗಿತು. ಡೇರಿಯ ಹುಡುಗಿ ಹಾಲು ಅಳೆಯುತ್ತ “ಗೌತಮಕ್ಕನ ಮದ್ವೆ ಯಾವಾಗ ಮಿಸ್?” ಎಂದರೆ, ಇವಳೇಕೆ ಕೇಳುತ್ತಾಳೆ ಎಂದು ಮನಸ್ಸು ಮುಳ್ಳಾಗುತ್ತಿತ್ತು. ರಾಜಣ್ಣ ಸ್ನಾನಕ್ಕೆ ಹೋದಾಗ ಅವನ ಫೋನನ್ನೂ ತೆಗೆದು ನೋಡಿದಳು. ಅವನು ಒದ್ದೆ ತಲೆಯಲ್ಲಿ ಬಂದು ನಿಂತು, “ನನ್ ಮೇಲೂ ಅನ್ಮಾನನಾ?” ಎಂದ. ನಕ್ಕೇ ಕೇಳಿದ್ದ. ಅವಳು ನಗಲಿಲ್ಲ.

ಹುಡುಕಿದ್ದು ಸಿಕ್ಕಿದ್ದು ಸಿದ್ದಾರ್ಥನ ಸ್ಟೇಟಸ್ಸಿನಲ್ಲಿ.

ಸಿದ್ದಾರ್ಥ ಕೆಂಚಯ್ಯನ ಅಕ್ಕ ಪುಟ್ಟಗಂಗಮ್ಮನ ಮಗ. ಪಿಯುಸಿಗೆ ಓದು ಬಿಟ್ಟು, ಹೊನ್ನವಳ್ಳಿಯಲ್ಲೇ ಫ್ಲೆಕ್ಸ್ ಬೋರ್ಡು, ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ ಇಟ್ಟುಕೊಂಡಿದ್ದ. ಗೌತಮಿಯನ್ನು ಅವನಿಗೆ ತಂದುಕೊಳ್ಳಬೇಕೆಂದು ಪುಟ್ಟಗಂಗಮ್ಮ ತಮ್ಮನ ಮನೆ ಬಾಗಿಲಿಗೆ ಹೋಗಿ ಕೇಳಿದ್ದಳು. ಡಿಗ್ರಿ ಓದಿದ ಹುಡುಗಿಯನ್ನು ಪಿಯುಸಿ ಫೇಲಾದವನಿಗೆ ಕೊಡುವುದಿಲ್ಲವೆಂದು ಕೆಂಚಯ್ಯ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದ. ಅಮ್ಮನ ಹುಟ್ಟುಹಬ್ಬಕ್ಕೆ ಸಿದ್ದಾರ್ಥ ಅವಳ ಫೋಟೊ ಹಾಕಿ, ‘ನನ್ನ ಅಮ್ಮ ನನ್ನ ಪ್ರಪಂಚ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದ. ಎಲ್ಲ ಸಣ್ಣಕ್ಷರ. ಮದರ್‌ಗೆ ಮಾತ್ರ ದೊಡ್ಡ ‘ಎಂ’.

ಶಾಂತಕುಮಾರಿಗೆ ಥಟ್ಟನೆ ಹಳೆಯದೂ ನೆನಪಾಯಿತು. ಹತ್ತನೇ ಕ್ಲಾಸಿನಲ್ಲಿ ಇದೇ ತಪ್ಪಿಗೆ ಅವನ ಮಾರ್ಕ್ಸು ಕಳೆದಿದ್ದಳು. ಅವನು ಎದ್ದು ನಿಂತು, “ಅಮ್ಮನಿಗೆ ಸಣ್ಣಕ್ಷರ ಹಾಕಿದ್ರೆ ಮರ್ಯಾದೆ ಕೊಟ್ಟಂಗಾಯ್ತದಾ ಮಿಸ್?” ಎಂದು ವಾದ ಮಾಡಿದ್ದ. ಕ್ಲಾಸೆಲ್ಲ ನಕ್ಕಿತ್ತು.

ಅಂದು ಸಂಜೆಯೇ ಅವಳು ಕೆಂಚಯ್ಯನ ಮನೆಗೆ ಹೋದಳು. ಗಂಗಲಕ್ಷ್ಮಿ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದಳು. ಗೌತಮಿ ಬಾಗಿಲ ಪಕ್ಕ ಕೂತು ಸೊಪ್ಪು ಬಿಡಿಸುತ್ತಿದ್ದಳು. ಶಾಂತಕುಮಾರಿ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಳು.

“ಇವನೇ ಅಂತ ನಾನು ಹೇಳಲ್ಲ ಅಣ್ಣ. ಆದರೆ ಕೈ ಒಂದೇ ಥರ ಇದೆ.”

ಕೆಂಚಯ್ಯ ಅಕ್ಷರದ ಕಡೆ ನೋಡಲೇ ಇಲ್ಲ. “ಗೊತ್ತಿತ್ತು ಕಣವ್ವ ನಂಗೆ. ಹೆಣ್ಣು ಕೊಡ್ನಿಲ್ಲ ಅಂತ ಹಿಂಗ್ ಮಾಡವ್ನೆ.”

ಸೊಪ್ಪು ಬಿಡಿಸುತ್ತಿದ್ದ ಗೌತಮಿ, “ಸಿದ್ದು ಹಂಗ್ ಮಾಡಲ್ಲಪ್ಪ,” ಎಂದಳು.

“ನೀನು ಸುಮ್ಕಿರು,” ಎಂದಳು ಗಂಗಲಕ್ಷ್ಮಿ.

ಗೌತಮಿ ಇನ್ನೂ ಬಿಡಿಸಬೇಕಾದ ಸೊಪ್ಪನ್ನು ಬಿಟ್ಟು ಎದ್ದು ಹೋದಳು. ಮನೆಯ ಸಂಕಟಕ್ಕೆ ಹುಡುಗಿ ನೊಂದಿದ್ದಾಳೆಂದುಕೊಂಡಳು ಶಾಂತಕುಮಾರಿ.

ಮಾರನೆಯ ದಿನ ಸ್ಕೂಲು ಬಿಟ್ಟು ಬರುವಾಗ ಫ್ಲೆಕ್ಸ್ ಅಂಗಡಿಯ ಮುಂದೆ ಜನ ನಿಂತಿದ್ದರು. ಕೆಂಚಯ್ಯನ ಟೆಂಪೊ ಅಡ್ಡ ನಿಂತಿತ್ತು. ಶಾಂತಕುಮಾರಿ ಹತ್ತಿರ ಹೋಗುವಷ್ಟರಲ್ಲಿ ಏಟು ಬಿದ್ದಾಗಿತ್ತು. ಸಿದ್ದಾರ್ಥ ಕೆನ್ನೆ ಹಿಡಿದುಕೊಂಡು ಕಂಪ್ಯೂಟರ್ ಮುಂದೆ ನಿಂತಿದ್ದ, ಕನ್ನಡಕ ನೆಲದ ಮೇಲಿತ್ತು. ಪತ್ರಿಕೆ ಮಾಡಿಸಲು ಬಂದಿದ್ದ ಹೆಂಗಸರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಪುಟ್ಟಗಂಗಮ್ಮ ಎಲ್ಲಿಂದಲೋ ಓಡಿಬಂದು ತಮ್ಮನ ಅಂಗಿ ಹಿಡಿದಳು.

“ಅಪ್ಪ ಇಲ್ದ ಮಗಿನ ಮೇಲೆ ಕೈ ಮಾಡ್ತೀಯೇನೋ ಕೆಂಚ? ಇನ್ ನಿನ್ನ ಹೊಸ್ಲು ತುಳಿಯಲ್ಲ ನಾನು.”

“ತುಳೀಬ್ಯಾಡ,” ಎಂದ ಕೆಂಚಯ್ಯ. ಟೆಂಪೊ ಹತ್ತಿ ಹೊರಟುಹೋದ.

ಸಿದ್ದಾರ್ಥ ಕನ್ನಡಕ ಎತ್ತಿಕೊಂಡು ಹಾಕಿಕೊಂಡಾಗ ಅವನಿಗೆ ಮೊದಲು ಕಂಡದ್ದು ಶಾಂತಕುಮಾರಿ.

“ಮಿಸ್, ನೀವೇ ಹೇಳಿದ್ರಂತೆ.”

ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು.

“ಆ ಮೆಸೇಜ್ ನಂಗೂ ತೋರ್ಸಿದ್ರು ಮಾವ, ಹೊಡಿಯಕ್ ಮುಂಚೆ. ಅದ್ರಲ್ಲಿ ಒಂದು ಸ್ಪೆಲಿಂಗ್ ತಪ್ಪಿಲ್ಲ ಮಿಸ್. ಫುಲ್‌ಸ್ಟಾಪು, ಕಾಮ, ಎಲ್ಲಾ ಸರಿಯಾಗವೆ. ಅಷ್ಟು ಇಂಗ್ಲಿಷ್ ನಂಗ್ ಬಂದಿದ್ರೆ ನಿಮ್ಮ ಸಬ್ಜೆಕ್ಟಲ್ಲಿ ಜಸ್ಟ್ ಪಾಸ್ ಯಾಕಾಯ್ತಿದ್ದೆ?” ಅವನು ಅಲ್ಲಿಗೇ ನಿಲ್ಲಿಸಲಿಲ್ಲ. “ಈ ಊರಲ್ಲಿ ಹಂಗೆ ಬರೆಯಕ್ ಬರೋರು ಯಾರವ್ರೆ ಮಿಸ್? ನೀವೊಬ್ರೇ ಅಲ್ವಾ?”

ನಿಂತಿದ್ದವರೆಲ್ಲ ಅವಳ ಕಡೆ ತಿರುಗಿದರು.

ಆ ಮಾತು ಅವಳಿಗಿಂತ ಮೊದಲೇ ಮನೆ ಸೇರಿತ್ತು. ಅನುಮಾನವೆಂಬುದು ಅದೆಷ್ಟು ಬೇಗ ಮಗ್ಗುಲು ಬದಲಾಯಿಸುತ್ತದೆಂದು ಶಾಂತಕುಮಾರಿಗೆ ಆ ವಾರ ಗೊತ್ತಾಯಿತು. ಸ್ಟಾಫ್‌ರೂಮಿಗೆ ಅವಳು ಕಾಲಿಟ್ಟರೆ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು. ಡೇರಿಯ ಹುಡುಗಿ ತಲೆ ತಗ್ಗಿಸಿಕೊಂಡೇ ಹಾಲು ಅಳೆದಳು. ಅವಳು ಗ್ರೂಪಿಗೆ ಏನಾದರೂ ಹಾಕಿದರೆ ಯಾರೂ ಉತ್ತರ ಕೊಡುತ್ತಿರಲಿಲ್ಲ, ಆದರೆ ಎಲ್ಲರೂ ಓದಿದ್ದರು. ತನ್ನ ಅಕ್ಷರಗಳನ್ನೂ ಈಗ ಯಾರೋ ಕೂತು ಅಳೆಯುತ್ತಿದ್ದಾರೆ ಎನ್ನಿಸಿ, ಏನು ಬರೆಯಲೂ ಕೈ ಬಾರದಾಯಿತು.

ಗಂಗಲಕ್ಷ್ಮಿ ಮನೆಗೇ ಬಂದಳು. ಕೂರು ಎಂದರೂ ಕೂರಲಿಲ್ಲ.

“ಆ ಸಂಪಿಗೆ ಹುಡುಗ ನಿಂಗೆ ಮೊದಲಿಂದ್ಲೂ ಹಿಡಿಸ್ನಿಲ್ಲ, ಅಲ್ವಾ ಶಾಂತ? ಅವ್ರು ಕಳಿಸಿದ್ ಬಯೋಡೇಟ ನೋಡಿ ನಕ್ಕಿದ್ದೆಯಲ್ಲ.”

ನಕ್ಕಿದ್ದು ನಿಜ. ಜ್ಞಾನೇಶನ ಬಯೋಡೇಟದಲ್ಲಿ ಒಂದೊಂದು ಪದಕ್ಕೂ ದೊಡ್ಡಕ್ಷರ ಹಾಕಿತ್ತು, ಅವನ ಎತ್ತರಕ್ಕೂ, ಮೈಬಣ್ಣಕ್ಕೂ, ‘ಮತ್ತು’ ಎಂಬುದಕ್ಕೂ. ಎಲ್ಲವನ್ನೂ ದೊಡ್ಡದು ಮಾಡಿಕೊಂಡಿದ್ದಾನೆ ಎಂದು ಅವಳು ರಾಜಣ್ಣನಿಗೆ ಹೇಳಿ ನಕ್ಕಿದ್ದಳು.

“ಅದಕ್ಕೂ ಇದಕ್ಕೂ ಏನಕ್ಕ ಸಂಬಂಧ? ನಾನ್ಯಾಕೆ ಗೌತಮಿಗೆ ಮೂರ್ಛೆ ರೋಗ ಅಂತ ಬರೀಲಿ?”

“ನಂಗೇನ್ ಗೊತ್ತು? ನಮಗೆ ಅದ್ರಲ್ಲಿ ಏನ್ ಬರೆದೈತೆ ಅಂತ ಹೇಳಿದವಳೂ ನೀನೇ. ಯಾರು ಬರೆದವ್ರೆ ಅಂತ ಹೇಳಿದವಳೂ ನೀನೇ. ನಾವು ನೀ ಹೇಳಿದ್ದು ನಂಬ್ಕಂಡ್ ಕೂತಿದ್ವಿ.”

ಅವಳು ಹೋದ ಮೇಲೆ ಊಟದ ತಟ್ಟೆಯ ಮುಂದೆ ಕೂತ ರಾಜಣ್ಣ ಕೈ ಇಡದೆಯೇ, “ನೀನಲ್ಲ ತಾನೆ?” ಎಂದು ಕೇಳಿದ. ಈ ಸಲ ನಗುತ್ತಿರಲಿಲ್ಲ. ಶಾಂತಕುಮಾರಿ ಎದ್ದು ಹೋಗಿ ಹಿತ್ತಲ ಬಾಗಿಲಲ್ಲಿ ನಿಂತಳು. ಅಲ್ಲ ಎನ್ನಲು ಒಂದು ಪದ ಸಾಕಿತ್ತು. ಅದನ್ನು ಗಂಡನಿಗೆ ಹೇಳಬೇಕಾಗಿ ಬಂತಲ್ಲ ಎಂದು, ಹೇಳದೆಯೇ ಹಗ್ಗದ ಮೇಲಿನ ಬಟ್ಟೆ ತೆಗೆಯತೊಡಗಿದಳು.

ಹೀಗಿರುವಾಗ ಒಂಬತ್ತನೇ ಕ್ಲಾಸಿಗೆ ಅದೇ ಪಾಠ ಬಂತು. ಮುಂದಕ್ಕೆ ಹಾಕೋಣವೆಂದುಕೊಂಡಳು, ಪರೀಕ್ಷೆ ಹತ್ತಿರವಿತ್ತು, ಆಗಲಿಲ್ಲ. ಬೋರ್ಡಿನ ಮೇಲೆ ಎರಡು ವಾಕ್ಯ ಬರೆದಳು. ‘ಐ ಆಸ್ಕ್ಡ್ ಮೈ ಮದರ್’, ಇಲ್ಲಿ ಸಣ್ಣ ‘ಎಂ’. ಅದರ ಕೆಳಗೆ ‘ಐ ಆಸ್ಕ್ಡ್ ಮದರ್’, ಇಲ್ಲಿ ದೊಡ್ಡ ‘ಎಂ’. ಎಷ್ಟೋ ವರ್ಷಗಳಿಂದ ಹೇಳಿದ ಮಾತು, ನಾಲಿಗೆ ತಾನಾಗಿಯೇ ಹೇಳಿಕೊಂಡು ಹೋಯಿತು.

“ನನ್ನ, ನಿನ್ನ, ಅವಳ ಅಂತ ಹಿಂದೆ ಏನಾದ್ರೂ ಇದ್ದರೆ ಅದು ಬರೀ ಸಂಬಂಧ, ಸಣ್ಣಕ್ಷರ. ಹಿಂದೆ ಏನೂ ಇಲ್ಲದೆ ಸುಮ್ಮನೆ ಅಮ್ಮ ಅಂದ್ರೆ ಅದು ಹೆಸರಿನ ಬದಲಿಗೆ ಬಂದದ್ದು, ದೊಡ್ಡಕ್ಷರ. ಮನೆಯಲ್ಲಿ ನೀವು ನಿಮ್ಮಮ್ಮನ್ನ ಕರೀತೀರಲ್ಲ, ಹಾಗೆ. ಪಕ್ಕದ ಮನೆಯವಳ ಅಮ್ಮನ ಬಗ್ಗೆ ಬರೆಯೋವಾಗ ಬರೀ ಮದರ್ ಅಂತ ಬರೆಯೋ ಹಾಗಿಲ್ಲ. ಅವಳ ಮದರ್ ಅಂತಲೇ ಬರೀಬೇಕು. ಬರೀ ಮದರ್ ಅಂತ ಬರೆಯೋದು ಯಾರು ಅಂದ್ರೆ…”

ಅವಳ ಸೀಮೆಸುಣ್ಣ ಬೋರ್ಡಿನ ಮೇಲೆ ಹಾಗೇ ನಿಂತಿತು.

ಕ್ಲಾಸು ಕಾಯುತ್ತಿತ್ತು. ಕಾಪಿ ಮಾಡಿಕೊಳ್ಳಿ ಎಂದು ಹೇಳಿ, ಕುರ್ಚಿಯ ಮೇಲೆ ಕೂತು, ಫೋನು ತೆಗೆದಳು. ಸಿದ್ದಾರ್ಥನ ಸ್ಟೇಟಸ್ಸಿನಲ್ಲಿದ್ದದ್ದು ‘ಮೈ ಮದರ್’, ಮರ್ಯಾದೆಗೆಂದು ಹಾಕಿದ ದೊಡ್ಡಕ್ಷರ, ತಪ್ಪು ಅಕ್ಷರ. ಮೆಸೇಜಿನಲ್ಲಿ ಅಪ್ಪನ ಮಾತು ಬಂದಲ್ಲಿ ‘ಹರ್ ಫಾದರ್’ ಎಂದು ಎಚ್ಚರಿಕೆಯಿಂದ ಬರೆದಿತ್ತು, ಸಣ್ಣಕ್ಷರ. ಅಮ್ಮನ ಮಾತು ಬಂದಲ್ಲಿ ಆ ‘ಹರ್’ ಇರಲಿಲ್ಲ. ಇದ್ದದ್ದು ಬರೀ ‘ಮದರ್’. ಅದಕ್ಕೆ ದೊಡ್ಡ ‘ಎಂ’ ಬಂದದ್ದು ಸರಿಯಾಗಿಯೇ ಬಂದಿತ್ತು. ಕೆಂಚಯ್ಯನಿಗೆ ಓದಿ ಹೇಳುವಾಗ ‘ಅವಳಮ್ಮ’ ಎಂದು ‘ಅವಳ’ ಸೇರಿಸಿದವಳು ತಾನು. ಬರೆದವರು ಬರೆದದ್ದು ‘ಅಮ್ಮ’ ಎಂದು ಮಾತ್ರ.

ಗಂಗಲಕ್ಷ್ಮಿಯನ್ನು ಹಾಗೆ ಬರೆಯುವವಳು ಪ್ರಪಂಚದಲ್ಲಿ ಒಬ್ಬಳೇ.

ಶಾಂತಕುಮಾರಿ ಸಂಜೆ ಹೋದಾಗ ಗೌತಮಿ ಮನೆಯ ಹಿಂದಿನ ಕೊಬ್ಬರಿ ಶೆಡ್ಡಿನ ಬಳಿ ಒಬ್ಬಳೇ ಇದ್ದಳು. ಒಡೆದ ಚಿಪ್ಪುಗಳನ್ನು ಮಂಕರಿಗೆ ತುಂಬುತ್ತಿದ್ದಳು. ಅತ್ತೆಯನ್ನು ಕಂಡು ಮೊದಲು ಮನೆಯ ಬಾಗಿಲಿನ ಕಡೆ ನೋಡಿದಳು.

“ಅವ್ವ ಒಳಗವ್ಳೆ ಅತ್ತೆ. ನಿಮ್ಮನ್ನ ನೋಡಿದ್ರೆ ಕೂಗಾಡ್ತಾಳೆ.”

“ನಾನು ನಿನ್ನ ಹತ್ರ ಬಂದೆ.” ಶಾಂತಕುಮಾರಿ ಅಲ್ಲಿದ್ದ ಮರದ ದಿಂಡಿನ ಮೇಲೆ ಕೂತಳು. ದಾರಿಯುದ್ದಕ್ಕೂ ಹೇಗೆ ಶುರು ಮಾಡಬೇಕೆಂದು ಯೋಚಿಸಿದ್ದಳು, ಈಗ ಯಾವುದೂ ಬಾಯಿಗೆ ಬರಲಿಲ್ಲ. “ಎಲ್ಲ ಸಣ್ಣಕ್ಷರ ಮಾಡಿದ್ದೀಯ. ಒಂದು ಬಿಟ್ಟಿದ್ದೀಯ ಕಣೇ.”

ಗೌತಮಿ ಕೈಯಲ್ಲಿದ್ದ ಚಿಪ್ಪನ್ನು ಮಂಕರಿಗೆ ಹಾಕಿದಳು. ಇನ್ನೊಂದು ಎತ್ತಿಕೊಳ್ಳಲಿಲ್ಲ.

“ಯಾವುದು?”

“ಅಮ್ಮ.”

ಹುಡುಗಿ ನೆಲ ನೋಡುತ್ತ ನಿಂತಳು. ಅಲ್ಲಗಳೆಯುವುದಿಲ್ಲ ಎಂದು ಶಾಂತಕುಮಾರಿಗೆ ಆಗಲೇ ಗೊತ್ತಾಯಿತು. ಆದರೂ ಅವಳೇ ಹೇಳಲಿ ಎಂದು ಕಾದಳು.

“ಅವತ್ತು ನೋಡಕ್ ಬಂದಾಗ, ನಮ್ಮಿಬ್ರನ್ನೇ ಮಾತಾಡಿ ಅಂತ ಟೆರೇಸ್ಗೆ ಕಳ್ಸಿದ್ರಲ್ಲ,” ಎಂದಳು ಗೌತಮಿ. “ಅವನು ನನ್ನ ಹೆಸರು ಕೂಡ ಕೇಳ್ನಿಲ್ಲ ಅತ್ತೆ. ಫೋನ್ ಕೊಡು ಅಂದ. ನಂಬರ್ ಹಾಕ್ಕೊಡ್ತಾನೇನೋ ಅಂತ ಕೊಟ್ಟೆ. ಫೋಟೊ ನೋಡ್ದ, ಮೆಸೇಜೆಲ್ಲಾ ನೋಡ್ದ. ಇವನ್ಯಾರು, ಇವನ್ಯಾರು ಅಂತ ಒಬ್ಬೊಬ್ರುದ್ನೂ ಕೇಳ್ದ. ಸಿದ್ದು ನಂಬರ್ ಅಳಿಸ್ಬುಟ್ಟು ಕೊಟ್ಟ. ನಗ್ತಾ ಇದ್ದ.”

“ಅಪ್ಪನಿಗೆ ಹೇಳಲಿಲ್ವಾ?”

“ಹೇಳ್ದೆ. ಹುಡುಗ ಹುಷಾರವ್ನೆ, ಈ ಕಾಲದಲ್ಲಿ ನೋಡ್ಕಂಡೇ ಮದ್ವೆ ಆಗ್ಬೇಕು ಅಂದ. ಅವ್ವನೂ ಅದನ್ನೇ ಹೇಳಿದ್ಳು. ಅದಕ್ಕೇ ಯೋಚ್ನೆ ಮಾಡಿದೆ. ಇವನಿಗೆ ಏನು ಹೇಳಿದ್ರೂ ನಂಬ್ತಾನೆ, ಕೆಟ್ಟದ್ದಾಗಿದ್ರೆ ಸಾಕು. ಯಾವನೋ ಹುಡುಗನ ಹೆಸರು ಹಾಕಿದ್ರೆ ಆ ಹುಡುಗನ ಕಾಲು ಮುರೀತಾರೆ. ಕಾಯಿಲೆ ಅಂದ್ರೆ ಯಾರ ಮೇಲೂ ಬರಲ್ಲ ಅಂದ್ಕಂಡೆ. ಕಾಲೇಜ್ ಫ್ರೆಂಡ್ ಹತ್ರ ಒಂದು ಹಳೇ ಸಿಮ್ಮಿತ್ತು.” ಅವಳ ಮಾತು ಸಣ್ಣದಾಯಿತು. “ಸಿದ್ದುಗೆ ಹೊಡಿತಾರೆ ಅಂತ ನಂಗೇನ್ ಗೊತ್ತು? ನೀವು ಹಂಗೆ ಅಕ್ಷರ ನೋಡ್ತೀರ ಅಂತ ನಂಗೇನ್ ಗೊತ್ತು?”

ಶಾಂತಕುಮಾರಿಗೆ ಸಿಟ್ಟು ಬರಬೇಕಿತ್ತು. ಈ ಹುಡುಗಿಯಿಂದಾಗಿ ಊರು ಅವಳ ಬೆನ್ನ ಹಿಂದೆ ಪಿಸುಗುಡುತ್ತಿತ್ತು, ಗಂಡನೇ ಅವಳನ್ನು ಕೇಳುವಂತಾಗಿತ್ತು. ಆದರೆ ಕಣ್ಣ ಮುಂದೆ ಬಂದದ್ದು ಟೆರೇಸಿನ ಮೇಲೆ ಅವಳ ಫೋನಿನ ಪರದೆ ಸರಿಸುತ್ತ ನಿಂತ ಜ್ಞಾನೇಶ. ಅವನ ಪಕ್ಕದಲ್ಲೇ, ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳಿಸಿಕೊಳ್ಳುತ್ತ ರಾಜಣ್ಣನ ಫೋನು ತೆರೆಯುತ್ತಿದ್ದ ತಾನು.

“ಹೇಳ್ಬುಡ್ತೀರಾ ಅತ್ತೆ?”

“ಸಿದ್ದಾರ್ಥನಿಗೆ ಬಿದ್ದ ಏಟು ನನ್ನಿಂದ ಬಿತ್ತು. ಅದಕ್ಕೆ ನಾನು ಹೋಗಿ ಏನು ಹೇಳಬೇಕೋ ಹೇಳ್ತೀನಿ. ನಿನ್ನದನ್ನ ನಾನು ಹೇಳಲ್ಲ. ನೀನೇ ನೋಡ್ಕೋ.”

ಮಾರನೆಯ ಬೆಳಗ್ಗೆ ಸ್ಕೂಲಿಗೆ ಹೋಗುವ ಮೊದಲು ಫ್ಲೆಕ್ಸ್ ಅಂಗಡಿಗೆ ಹೋದಳು. ಪುಟ್ಟಗಂಗಮ್ಮ ಮಗನಿಗೆ ತಿಂಡಿ ತಂದಿದ್ದಳು, ಇವಳನ್ನು ಕಂಡು ಮುಖ ಆಚೆ ತಿರುಗಿಸಿದಳು. ಶಾಂತಕುಮಾರಿ ಅವಳ ಎದುರಿಗೇ, “ನೀನು ಬರೆದದ್ದಲ್ಲ ಸಿದ್ದಾರ್ಥ. ನಾನು ತಪ್ಪಾಗಿ ಓದಿದೆ. ನನ್ನಿಂದ ನಿನಗೆ ಅವಮಾನ ಆಯ್ತು,” ಎಂದಳು.

“ಮತ್ಯಾರು ಬರೆದಿದ್ದು?”

“ಗೊತ್ತು. ಹೇಳೋಕೆ ಆಗಲ್ಲ.”

ಅವನು ಅವಳನ್ನು ಒಂದು ಗಳಿಗೆ ನೋಡಿದ. “ಸರಿ ಮಿಸ್,” ಎಂದು ಕಂಪ್ಯೂಟರಿನ ಕಡೆ ತಿರುಗಿಕೊಂಡ. ಅವನು ಏನು ತಿಳಿದುಕೊಂಡನೆಂದು ಅವಳಿಗೆ ಅರ್ಥವಾಯಿತು. ಬರೆದವಳು ತಾನೇ, ಹೇಳಲು ಬಾಯಿ ಬರುತ್ತಿಲ್ಲ ಎಂದು. ತಿದ್ದಲು ದಾರಿ ಇರಲಿಲ್ಲ. ಮೆಟ್ಟಿಲಿಳಿದು ಸ್ಕೂಲಿನ ಕಡೆ ನಡೆದಳು.

ಗೌತಮಿ ಮನೆಯಲ್ಲಿ ಬಾಯಿ ಬಿಟ್ಟದ್ದು ಅದಾದ ಮೇಲೆ. ಗಂಗಲಕ್ಷ್ಮಿ ಊಟ ಬಡಿಸುತ್ತ ತಮ್ಮನ ಹೆಂಡತಿಯನ್ನು ಶಪಿಸುತ್ತಿದ್ದಳಂತೆ, ಮನೆಹಾಳಿ, ಓದಿದ ಸೊಕ್ಕು ಎಂದೆಲ್ಲ. ಗೌತಮಿ ತಟ್ಟೆಯಿಂದ ಕೈ ತೆಗೆದು, “ನಾನೇ ಬರೆದಿದ್ದು. ಅತ್ತೆಗೇನೂ ಗೊತ್ತಿಲ್ಲ,” ಎಂದುಬಿಟ್ಟಳು. ಜ್ಞಾನೇಶ ಫೋನು ಇಸಿದುಕೊಂಡು ನೋಡಿದ ಸಂಗತಿಯನ್ನೂ ಮತ್ತೊಮ್ಮೆ ಹೇಳಿದಳು. ಕೆಂಚಯ್ಯ ಉಣ್ಣುವುದನ್ನು ಬಿಟ್ಟು ಎದ್ದವನು ಹೊಡೆಯುತ್ತಾನೆಂದುಕೊಂಡಳಂತೆ. ಅವನು ಕೈ ತೊಳೆದು, ಅಂಗಿ ಹಾಕಿಕೊಂಡು, ನಡೆದುಕೊಂಡೇ ಅಕ್ಕನ ಮನೆಗೆ ಹೋದ. ಜಗುಲಿಯ ಮೇಲೆ ಕೂತು, “ತಪ್ಪಾಯ್ತು ಕಣಕ್ಕ,” ಎಂದಷ್ಟೇ ಅಂದ. ಪುಟ್ಟಗಂಗಮ್ಮ ಅತ್ತು, ಬೈದು, ಕೊನೆಗೆ ಒಳಕ್ಕೆ ಕರೆದಳು. ಮಾವ ಹೋಗುವವರೆಗೂ ಸಿದ್ದಾರ್ಥ ಕೋಣೆಯಿಂದ ಈಚೆಗೆ ಬರಲಿಲ್ಲ.

ಸಂಪಿಗೆಯಿಂದ ಜ್ಞಾನೇಶನ ಅಪ್ಪ ಮತ್ತೆ ಫೋನು ಮಾಡಿದ. ಕಾಯಿಲೆ ಸುಳ್ಳೆಂದು ಯಾರಿಂದಲೋ ಕಿವಿಗೆ ಬಿದ್ದಿತ್ತು. ದೊ‌ಡ್ಡಾಸ್ಪತ್ರೆಯಲ್ಲಿ ಹುಡುಗಿಯ ತಲೆ ಸ್ಕ್ಯಾನ್ ಮಾಡಿಸಿ ಸರ್ಟಿಫಿಕೇಟ್ ಕೊಟ್ಟರೆ ಮುಂದಿನ ಮಾತು ಆಡಬಹುದು ಎಂದ. ಕೆಂಚಯ್ಯ ಮಗಳ ಕಡೆ ನೋಡಿ, “ಹುಡುಗಿಗೆ ಒಪ್ಗೆ ಇಲ್ಲ ಕಣಪ್ಪ,” ಎಂದು ಫೋನು ಕೆಳಗಿಟ್ಟ.

ಆದರೆ ಗಂಗಲಕ್ಷ್ಮಿ ನಂಬಲಿಲ್ಲ. ಅವಳು ಮತ್ತೆ ಶಾಂತಕುಮಾರಿಯ ಮನೆಗೆ ಬಂದಳು. ಈ ಸಲ ಕೂತಳು.

“ನಿಜ ಹೇಳು. ನಿನ್ನ ಉಳ್ಸಕ್ಕೆ ಅಂತ ಅವ್ಳು ತನ್ನ ಮೇಲೆ ಹಾಕ್ಕಂಡವ್ಳೆ, ಅಲ್ವಾ? ಚಿಕ್ಕಂದಿನಿಂದ ನಿನ್ನ ಸೆರಗು ಹಿಡ್ಕಂಡು ಬೆಳೆದವ್ಳು.”

ಶಾಂತಕುಮಾರಿ ಫೋನು ತಂದು, ಆ ಮೆಸೇಜು ತೆಗೆದು, ಬೆರಳಿಟ್ಟು ತೋರಿಸಿದಳು. “ಇಲ್ಲಿ ನೋಡಕ್ಕ. ಇದೊಂದೇ ಅಕ್ಷರ ದೊಡ್ಡದಿದೆ.”

ಗಂಗಲಕ್ಷ್ಮಿ ಬಗ್ಗಿ ನೋಡಿದಳು. “ಹೂಂ. ಎದ್ದು ನಿಂತೈತೆ.”

“ಅದು ನೀವು. ಅಮ್ಮ ಅಂತ ಬರೆದಿರೋದು. ಬೇರೆ ಯಾರಾದ್ರೂ ಬರೆದಿದ್ದರೆ ಅವಳ ಅಮ್ಮ ಅಂತ ಬರೀಬೇಕು, ಆಗ ಸಣ್ಣಕ್ಷರ. ಬರೀ ಅಮ್ಮ ಅಂತ, ದೊಡ್ಡಕ್ಷರದಲ್ಲಿ, ಹೆಸರು ಕರೆದ ಹಾಗೆ ಬರೆಯೋಳು ಮಗಳು ಮಾತ್ರ.”

“ಮರ್ಯಾದೆಗಾ?”

“ಮರ್ಯಾದೆಗಲ್ಲ. ಅವಳಿಗೆ ನಿಮ್ಮ ಹೆಸರೇ ಅದು, ಅದಕ್ಕೆ.”

ಗಂಗಲಕ್ಷ್ಮಿ ಫೋನನ್ನು ತನ್ನ ಕೈಗೆ ತೆಗೆದುಕೊಂಡಳು. ಓದು ಬಾರದ ಅವಳ ಕಣ್ಣು ಆ ಒಂದು ಅಕ್ಷರದ ಮೇಲೆ ಬಹಳ ಹೊತ್ತು ನಿಂತಿತು. ಪರದೆ ಕಪ್ಪಾಯಿತು. ಶಾಂತಕುಮಾರಿ ಮುಟ್ಟಿ ಮತ್ತೆ ಬೆಳಗಿಸಿದಳು.

“ಇದೂ ನೀನೇ ಹೇಳ್ತಾ ಇರೋದು,” ಎಂದಳು ಗಂಗಲಕ್ಷ್ಮಿ ಕೊನೆಗೆ. ಫೋನು ಕೊಟ್ಟು ಎದ್ದು ಹೋದಳು.

ಮತ್ತೆ ಅವಳ ಸುಳಿವಿರಲಿಲ್ಲ. ರಾಜಣ್ಣ ಹೋಗಿ ಮಾತಾಡಿಸಿ ಬರುತ್ತೇನೆಂದರೆ ಶಾಂತಕುಮಾರಿ ಬೇಡವೆಂದಳು. ಗಂಡನೊಂದಿಗೂ ಅವಳ ಮಾತು ಇನ್ನೂ ಅಳತೆಯಲ್ಲೇ ಇತ್ತು. ಅವನು ಫೋನನ್ನು ಈಗ ಟೀವಿಯ ಪಕ್ಕ ಬಿಟ್ಟು ಸ್ನಾನಕ್ಕೆ ಹೋಗುತ್ತಿದ್ದ, ಬೇಕೆಂದೇ. ಅವಳು ಆ ಕಡೆ ನೋಡುತ್ತಿರಲಿಲ್ಲ, ಅವಳೂ ಬೇಕೆಂದೇ.

ಅರಳಗುಪ್ಪೆಯಲ್ಲಿ ಯಾರದೋ ಮದುವೆಯಿತ್ತು. ಅದು ಮುಗಿದ ಮಾರನೆಯ ದಿನ ಗಂಗಲಕ್ಷ್ಮಿ ಹಿತ್ತಲ ಬಾಗಿಲಿನಿಂದ ಬಂದಳು, ಕೈಯಲ್ಲಿ ಮದುವೆಮನೆಯ ತಾಂಬೂಲದ ಚೀಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಕಾಲು ಒತ್ತಿಕೊಳ್ಳುತ್ತ, ಒಲೆಯ ಕಡೆ ನೋಡುತ್ತಲೇ ಹೇಳಿದಳು.

“ಗಂಡಿನ ಕಡೆಯೋರು ಒಬ್ರು ಇಂಗ್ಲಿಷ್ ಮೇಷ್ಟ್ರು ಬಂದಿದ್ರು. ಕೇಳ್ದೆ. ಅಮ್ಮ ಅಂತ ಬರಿಯಕ್ಕೆ ಎಂಥ ಅಕ್ಷರ ಹಾಕ್ಬೇಕು ಸ್ವಾಮಿ ಅಂದೆ. ಯಾರಮ್ಮ ಅನ್ನೋದ್ರ ಮೇಲೆ ಹೋಯ್ತದೆ ಅಂದ್ರು.”

ಶಾಂತಕುಮಾರಿ ತಿರುಗಿ ನೋಡಿದಳು. ಅಳುವೂ ಅಲ್ಲದ ನಗುವೂ ಅಲ್ಲದ ಮುಖ ಮಾಡಿಕೊಂಡು ಗಂಗಲಕ್ಷ್ಮಿ ಚೀಲದೊಳಗಿನ ತೆಂಗಿನಕಾಯಿಯನ್ನು ಈಚೆಗೆ ತೆಗೆದಿಟ್ಟಳು.

“ಕಾಫಿ ಇಡ್ಲಾ ಅಕ್ಕ?”

“ಇಡು. ಸಕ್ರೆ ಕಮ್ಮಿ ಹಾಕು.”